ಯಾವ ಊರಿನ ಒಂಬತ್ತು

ಹಾಸನದ ಬಿ.ಎಂ. ರಸ್ತೆ. ಚಪ್ಪಲಿ ಅಂಗಡಿಯ ಮೇಲೆ
ನನ್ನ ಟಿಕೆಟ್ ಕೋಣೆ: ಒಂದು ಕಂಪ್ಯೂಟರ್, ಎರಡು ಕುರ್ಚಿ,
ಗೋಡೆಯಲ್ಲಿ ತಿಂಗಳು ಮಗುಚದ ಕ್ಯಾಲೆಂಡರು.
ಆ ವರ್ಷ ಮಾರಿದ್ದಕ್ಕಿಂತ
ರದ್ದು ಮಾಡಿದ್ದೇ ಹೆಚ್ಚು.

ಬೇಲೂರಿನ ಕಡೆಯಿಂದ, ಅಂಗಡಿಹಳ್ಳಿಯ ಸುನೇರಿ
ದುಪಟ್ಟಾ ಬಿಗಿದ ಮುಖದಲ್ಲಿ ಮೆಟ್ಟಿಲು ಹತ್ತಿ ಬಂದಳು.
ಕೈಯಲ್ಲಿ ಅವ್ವನ ಪಾಸ್‌ಪೋರ್ಟಿನ ಜೆರಾಕ್ಸು.
ಹೆಸರು: ಕ್ಯಾಪ್ಟನ್.
ನಗಬೇಡಿ. ಹುಟ್ಟಿದ ದಿನ ಕಿವಿಗೆ ಬಿದ್ದ
ಒಳ್ಳೆಯ ಶಬ್ದವೊಂದನ್ನು ಅವಳಪ್ಪ ಇಟ್ಟುಕೊಂಡ, ಅಷ್ಟೆ.
ತಪ್ಪಿದ್ದು ನನ್ನ ಕಂಪ್ಯೂಟರು:
ಕ್ಯಾಪ್ಟನ್ ಎಂದರೆ ಹುದ್ದೆ ಎಂದು ತಿಳಿದು
ಹೆಸರಿನ ಜಾಗ ಖಾಲಿ ಬಿಟ್ಟಿತು.

ಕೂದಲೆಣ್ಣೆ ಮಾರಲು ಕೌಲಾಲಂಪುರಕ್ಕೆ
ಮೂರು ವಾರಕ್ಕೆಂದು ಹೋದವಳು.
ಹದಿಮೂರು ತಿಂಗಳಾಗಿತ್ತು.

'ಹೋಗಿ ಬರೋಕೆ ಹದಿನೆಂಟು ಸಾವಿರ ಇತ್ತಲ್ಲಣ್ಣ?'
ಈಗ ಬರೋದಕ್ಕೆ ಮಾತ್ರ ಅರವತ್ತೊಂದು, ಅಂದೆ.
ಅರವತ್ತೊಂದು ಎನ್ನುವಷ್ಟರಲ್ಲಿ ಅರವತ್ನಾಲ್ಕು.
ಸಿಂಗಾಪುರದ ಮೇಲೆ ಹೋದರೆ ಬರೀ ಕುರ್ಚಿಯಲ್ಲಿ ಕೂರೋಕೂ ಟೆಸ್ಟು,
ಬ್ಯಾಂಕಾಕಿನ ಮೇಲೆ ಹೋದರೆ ಹೋಟೆಲಿನ ಬಾಡಿಗೆ,
ಕೊಲಂಬೊ ಅಗ್ಗ, ಆದರೆ ರಾತ್ರಿಯೆಲ್ಲ ಕಾಯಬೇಕು.
ಹಕ್ಕಿಗಳೇ ವಾಸಿ ನೋಡು, ದ್ವಾರಸಮುದ್ರದ ಕೆರೆಗೆ...
'ಹಕ್ಕಿ ಮಾತು ಬ್ಯಾಡಣ್ಣ. ನಮ್ಮನ್ನ ಕಂಡೋರೆಲ್ಲ
ಅದನ್ನೇ ತೆಗೀತಾರೆ. ರೇಟು ಹೇಳು.'

ಎಪ್ಪತ್ತೆರಡು ಗಂಟೆ ಎಂದಿತ್ತು ನಿಯಮ.
'ಎಲ್ಲಿಂದ ಲೆಕ್ಕ? ಮೂಗಿಗೆ ಕಡ್ಡಿ ಹಾಕಿದಾಗಿಂದಲಾ,
ಕಾಗದ ಕೈಗೆ ಬಂದಾಗಿಂದಲಾ?'
ಒಂದು ಕಂಪನಿ ಕಡ್ಡಿ ಎಂದಿತು,
ಇನ್ನೊಂದು ಕಾಗದ ಎಂದಿತು,
ಮೂರನೆಯದು ನಲವತ್ತು ನಿಮಿಷ ಕೊಳಲು ಕೇಳಿಸಿತು.
ಕಡ್ಡಿಯೇ ಇರಲಿ ಎಂದುಕೊಂಡು ಕೊಲಂಬೊ ಹಿಡಿದೆವು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕಡ್ಡಿ.
ಗುರುವಾರ ರಾತ್ರಿ ವಿಮಾನ.
ಕೊಲಂಬೊದಿಂದ ಶುಕ್ರವಾರ ನಸುಕಿನ ನಾಲ್ಕಕ್ಕೆ ಇನ್ನೊಂದು.
ಅದು ಏಳಕ್ಕೆ ಎಂದು ಬೋರ್ಡು ಬದಲಾಯಿತು.

ಮೂರೂವರೆಗೆ ಫೋನು ಬಂತು. ನಾನು ಎದ್ದೇ ಇದ್ದೆ,
ಬೆರಳಲ್ಲಿ ಎಣಿಸುತ್ತಿದ್ದೆ. ಅಲ್ಲಿಯ ಒಂಬತ್ತೆಂದರೆ
ಇಲ್ಲಿಯ ಆರೂವರೆ. ಏಳಕ್ಕೆ ಕಾಗದ ಸತ್ತು
ಅರ್ಧ ಗಂಟೆಯಾಗಿರುತ್ತದೆ.
ನೋಡು ಕ್ಯಾಪ್ಟನ್, ಅಂದೆ. ಕಾಗದದಲ್ಲಿ ಬರೆದಿರೋದು ಒಂಬತ್ತು.
ಯಾವ ಊರಿನ ಒಂಬತ್ತು ಅಂತ ಕಾಗದ ಹೇಳೋದಿಲ್ಲ.
ನೀನೂ ಹೇಳಬೇಡ.
ಅತ್ತ ಕಡೆ ಒಂದು ಗಳಿಗೆ ಮೌನ. ಆಮೇಲೆ ನಗು.
ಬಲೆ ಬೀಸುವುದನ್ನು ಬಲೆಯವಳಿಗೇ
ಹೇಳಿಕೊಡಲು ಹೋಗಿದ್ದೆ.

ಆದರೆ ಕೌಂಟರಿನ ಹೆಂಗಸಿಗೆ ಲೆಕ್ಕ ಬರುತ್ತಿತ್ತು.
ಕಾಗದ ನೋಡಿದಳಂತೆ, ಗಡಿಯಾರ ನೋಡಿದಳಂತೆ,
ತುಟಿಯಲ್ಲೇ ಎರಡೂವರೆ ಕಳೆದಳಂತೆ.
ಆಮೇಲೆ ಕ್ಯಾಪ್ಟನ್ನಳ ಜಡೆ ನೋಡಿದಳಂತೆ,
ಸೊಂಟ ದಾಟಿದ್ದು, ಕಪ್ಪು.
ಟೋಪಿ ಸರಿಸಿ ತನ್ನ ನೆತ್ತಿ ತೋರಿಸಿದಳಂತೆ:
ಜ್ವರ ಬಿಟ್ಟ ಮೇಲೆ ಹಿಡಿಹಿಡಿ ಉದುರಿದ್ದು.
ಕೈಚೀಲದಲ್ಲಿ ನೂರು ಮಿಲಿಯ ಬಾಟಲಿಗಳಿದ್ದವು,
ಆ ನಿಯಮ ಅವಳಿಗೆ ಬಾಯಿಪಾಠ.
ಸುಮ್ಮನೆ ಕೊಟ್ಟೆಯಾ? ಎಂದು ಕೇಳಿದೆ.
'ಸುಮ್ಮನೆ ಕೊಟ್ಟರೆ ಲಂಚ ಆಗಲ್ವಾ? ಮಾರಿದೆ.'

ಹಾಸನದಲ್ಲಿ ಇಳಿದವಳು ಮೊದಲು ಬಂದದ್ದು
ನನ್ನ ಮೆಟ್ಟಿಲಿಗೆ, ಬಾಕಿ ಕೊಡಲು.
ಎಣಿಸಿ ಇಟ್ಟಳು. ನನ್ನ ಹಣೆಯ ಮೇಲ್ಭಾಗ ನೋಡಿದಳು,
ನನಗೂ ಜ್ವರ ಬಂದು ಹೋಗಿತ್ತು.
ಒಂದು ಬಾಟಲಿ ಮೇಜಿನ ಮೇಲಿಟ್ಟಳು: 'ಸಾವಿರದೈನೂರು.'
ಸ್ವಲ್ಪ ಕಡಿಮೆ ಮಾಡಿಕೋ ಕ್ಯಾಪ್ಟನ್.
'ಟಿಕೆಟ್ಟಲ್ಲಿ ನೀನು ಮಾಡ್ಕೊಂಡ್ಯಾ?'

ಕೊಟ್ಟೆ. ಕೂದಲು ಬಂತೇ ಎಂದು ಕೇಳಬೇಡಿ.
ಅವಳ ಹಳೆಯ ವಾಪಸು ಟಿಕೆಟ್ಟಿನ ಹಣ,
ಒಂಬತ್ತು ಸಾವಿರ ಚಿಲ್ಲರೆ, ಕಂಪನಿಯಿಂದ ಇನ್ನೂ ಬಂದಿಲ್ಲ.
ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ.
ಕೊಳಲು ಅದೇ ಇದೆ.