ಒಂಬತ್ತು ಸುತ್ತು

ಆ ವರ್ಷ ಮರಿಕಿನಾ ಹೊಳೆ ಅಂಗಡಿಯೊಳಗೇ ಬಂದು
ಅಟ್ಟದ ಮೇಲಿದ್ದ ಮುನ್ನೂರು ಮರದ ಪಾದಗಳನ್ನು
ಎತ್ತಿಕೊಂಡು ಹೋಯಿತು.
ಮಾವ ಕೆತ್ತಿದ ಅಚ್ಚುಗಳು. ಎಡ, ಬಲ, ಎಡ, ಬಲ,
ಒಡೆಯರಿಲ್ಲದೆ, ಸೇತುವೆಯ ಕೆಳಗೆ
ತಾವೇ ನಡೆದು ಹೋದವು.
ಕಾಲಿಗೆ ಬುದ್ಧಿ ಹೇಳುವುದು ಅಂದರೆ ಇದೇ ಇರಬೇಕು ಅಂತ
ತಗಡಿನ ಮೇಲೆ ಕೂತು ನಕ್ಕೆ.
ಎಲಿಸೆಯೊ ನಗಲಿಲ್ಲ. ಅವನಪ್ಪನ ಕೈಕೆಲಸ.

ಉಳಿದದ್ದು ಹೊಲಿಗೆ ಯಂತ್ರ, ಒಂದು ಡಬ್ಬಿ ಮೊಳೆ,
ಏಳನೇ ಅಳತೆಯ ಒಂಟಿ ಬಲಗಾಲು.
ಜೋಡು ಹೊಲಿಸುವವರು ಈಗ ಯಾರು?
ಹಡಗಿನಲ್ಲಿ ಬರುವುದು ಅಗ್ಗ.
ನಮ್ಮಲ್ಲಿಗೆ ಬರುವವರು ನೋವು ಹೊತ್ತು ಬರುತ್ತಾರೆ.

ಕ್ರಿಸ್ಪಿನಾ ಬಂದಳು. ಮಾಲ್‌ನಲ್ಲಿ ಅತ್ತರು ಮಾರುವವಳು,
ಗಾಜಿನ ಕೌಂಟರಿನ ಹಿಂದೆ ಹತ್ತು ತಾಸು, ನಿಂತೇ.
"ಬೆಳಿಗ್ಗೆ ಮಂಚದಿಂದ ಕಾಲು ಇಳಿಬಿಟ್ಟರೆ
ಹಿಮ್ಮಡಿಯೊಳಗೆ ಯಾರೋ ಸೀಸೆ ಒಡೆದ ಹಾಗೆ, ಅಕ್ಕಾ."
ಅಂಗಾಲು ಒದ್ದೆ ಮಾಡಿ ಹಳೇ ಪೇಪರಿನ ಮೇಲೆ ನಿಲ್ಲಿಸಿದೆ.
ಚುನಾವಣೆಗೆ ನಿಂತವನೊಬ್ಬನ ನಗುಮುಖದ ಮೇಲೆ
ಅವಳು ನಿಂತದ್ದು ಪೂರ್ತಿ ಮೂಡಿತು.
ನಡುವೆ ಬೆರಳಗಲ ಒಣ ಜಾಗವಿಲ್ಲ.
ಕಮಾನು ಮಲಗಿಬಿಟ್ಟಿತ್ತು.

ಮೊದಲು ಸಾಂತೋಲ್ ಮರದ ತುಂಡು ಕೆತ್ತಿ ಕೊಟ್ಟೆ.
ಒಂಬತ್ತಕ್ಕೆ ಸ್ವರ್ಗ ಅಂದವಳು
ಐದಕ್ಕೆ ಅದನ್ನು ಕಿತ್ತು ಕೈಚೀಲಕ್ಕೆ ಹಾಕಿದ್ದಳು.
ಆಮೇಲೆ ರಬ್ಬರು. ವಾರದೊಳಗೆ ಹಪ್ಪಳ.
ಮತ್ತೆ ಮರ, ಸ್ವಲ್ಪ ತಗ್ಗಿಸಿ. ಈಗ ಸಂಜೆಗೆ ಸರಿ,
ಬೆಳಗಿಗೆ ಸಾಲದು.
ಮೂವತ್ತು ವರ್ಷ ಮೇಲ್ದೊಗಲು ಹೊಲಿದವಳಿಗೆ
ಇಷ್ಟು ತಿಳಿಯಲು ಇಷ್ಟು ಹೊತ್ತು:
ಅವಳಿಗಿರುವುದು ಎರಡು ಕಾಲಲ್ಲ, ನಾಲ್ಕು.
ಬೆಳಗಿನವೆರಡು. ಊದಿಕೊಂಡ ಸಂಜೆಯವೆರಡು.

ಮುರಿದ ಗರಗಸದ ಅಲಗು ತಂದೆ,
ಹಲ್ಲುಗಳನ್ನೆಲ್ಲ ಉಜ್ಜಿ ತೆಗೆದೆ,
ಉಳಿದಿದ್ದ ಒಂಟಿ ಅಚ್ಚಿಗೆ ಒತ್ತಿ ಬಗ್ಗಿಸಿದೆ
(ಎಡಗಾಲಿನದನ್ನು ಕನ್ನಡಿ ನೋಡಿಕೊಂಡು).
ಮೇಲೆ ಚರ್ಮ, ಕೆಳಗೆ ಬೆಣೆ,
ಬೆಣೆ ತಳ್ಳಲು ಹೊಲಿಗೆ ಯಂತ್ರದ್ದೇ ಒಂದು ಸ್ಕ್ರೂ,
ಅದರ ತಲೆ ಬೂಟಿನ ಒಳಮಗ್ಗುಲಿಂದ ಇಣುಕುವ ಹಾಗೆ.
ಐದು ಪೆಸೊ ನಾಣ್ಯ ಗೀರಿಗೆ ಕೂರಿಸಿ ತಿರುಗಿಸಿದರೆ
ಸುತ್ತಿಗೊಂದು ಅಕ್ಕಿಕಾಳಿನಷ್ಟು ಏಳುತ್ತದೆ, ಇಳಿಯುತ್ತದೆ.
ಎರಡು ಸುತ್ತು, ಅಷ್ಟೇ, ತಳದಿಂದ ತುದಿಗೆ.
ಬೂಟು ಬಿಚ್ಚುವುದೇ ಬೇಡ, ಬಗ್ಗಿದರೆ ಸಾಕು.
ಎಲಿಸೆಯೊ ಅದನ್ನು ಕೈಯಲ್ಲಿ ಹಿಡಿದು
ಬಹಳ ಹೊತ್ತು ಏನೂ ಅನ್ನಲಿಲ್ಲ.
ಅವನ ಹೊಗಳಿಕೆ ಅಂದರೆ ಅದು.

ತಿಂಗಳಿಗೆ ವಾಪಸು ಬಂತು.
ಸ್ಕ್ರೂ ತಲೆಯ ಗೀರು ಸವೆದು ನುಣ್ಣಗೆ,
ನಾಣ್ಯ ನಿಲ್ಲುತ್ತಿಲ್ಲ.
ವರ್ಷವಾದರೂ ಸವೆಯಬಾರದಿತ್ತು.
"ದಿನಕ್ಕೆ ಎಷ್ಟು ಸಲ ತಿರುಗಿಸ್ತೀಯೇ?"
ಅವಳು ಉಗುರಿನ ಬಣ್ಣ ಕೆರೆಯುತ್ತ ಕೂತಳು.
"ನೋವಿಗೆ ಎರಡು ಸಲ ಸಾಕು, ಅಕ್ಕಾ.
ಮಿಕ್ಕದ್ದು...
ಬೂಟು ಸರಿಮಾಡಿಕೊಳ್ಳುವವಳನ್ನು ಸೂಪರ್‌ವೈಸರ್
ಏಳು ಅನ್ನುವುದಿಲ್ಲ.
ಕೌಂಟರಿನ ಕೆಳಗೆ ತಂಪಿದೆ. ಅಲ್ಲಿ ಕುಕ್ಕರುಗಾಲಲ್ಲಿ ಕೂತರೆ
ಗಾಜಿನಾಚೆ ಬರೀ ಮೊಣಕಾಲುಗಳು.
ಮುಖವಿಲ್ಲ. ನಗಬೇಕಾಗಿಲ್ಲ."

ಗಟ್ಟಿ ಉಕ್ಕಿನದು ಹಾಕು ಅಂದ ಎಲಿಸೆಯೊ.
ಹಾಕಿದೆ. ಆದರೆ ಗಡಿಯಾರ ರಿಪೇರಿಯವನ ಹತ್ತಿರ ಹೋಗಿ
ಎಳೆ ತೀರ ಸಣ್ಣದಿರುವುದನ್ನು ಹುಡುಕಿ ತಂದೆ.
ಮೊದಲು ಎರಡು ಸುತ್ತಿಗೆ ಸಿಗುತ್ತಿದ್ದ ಎತ್ತರಕ್ಕೆ
ಈಗ ಒಂಬತ್ತು.
ತಿರುಗಿಸಿ ನೋಡಿದ ಅವನು. ಮೂರು, ನಾಲ್ಕು, ಐದು...
"ಇದೇನು, ಮುಗಿಯೋದೇ ಇಲ್ಲ. ಹಿಂದಿನದೇ ವಾಸಿ."
"ಹೌದು," ಅಂದೆ.
ಬಲಗಾಲಿಗೆ ಒಂಬತ್ತು. ಎಡಗಾಲಿಗೂ ಒಂಬತ್ತು.

ನಿನ್ನೆ ಗಡಿಯಾರದ ಕೌಂಟರಿನ ಹುಡುಗಿ ಬಂದಿದ್ದಳು,
ಕ್ರಿಸ್ಪಿನಾ ಕಳಿಸಿದಳಂತೆ.
ಪೇಪರಿನ ಮೇಲೆ ಅವಳ ಹೆಜ್ಜೆ: ಹಿಮ್ಮಡಿ, ಐದು ಬೆರಳು,
ನಡುವೆ ಒಣಗಿದ, ಚಂದದ ಒಂದು ಬಾಗು.
ಏನೂ ಆಗಿಲ್ಲ ಆ ಕಾಲಿಗೆ.
ಕೂರು ಅಂದೆ.
ಅಳತೆ ತೆಗೆದುಕೊಂಡೆ.