ಮುಖ ಬೀಳದ ಹಾಗೆ

ಕ್ಯಾಮೆರಾ ಎರವಲು. ಹೆಟ್ಟಿಯದು ಕಥೆ, ಹೆಟ್ಟಿಯದೇ ದುಡ್ಡು.
ನನ್ನದು ಶಬ್ದದ ಕೆಲಸ: ಉದ್ದ ಕೋಲಿನ ತುದಿಗೆ
ಬೆಕ್ಕಿನ ಮೈಯ ಮೈಕು, ಕಿವಿಗೆ ಎರಡು ಮುಚ್ಚಳ,
ಕಾಲಿಗೆ ಬೊಲ್ಡಕ್ ಮನೆಯಲ್ಲಿ ಯಾರೋ ಬಿಟ್ಟು ಸತ್ತ ಬೂಟು.

ವರ್ಮಾಂಟಿನ ಬಡಗಣ ಅಂಚು. ದಿಬ್ಬ ಹತ್ತಿದರೆ ಕೆನಡಾದ ದೀಪ.
ಇನ್ನೂರ ಹತ್ತು ಹಸು, ಮೂವರು ಆಳು,
ಅಣ್ಣ ರೋಮೇನ್, ಲೆಕ್ಕ ಬರೆಯುವ ತಂಗಿ ಕ್ಲೋಡೆಟ್,
ನಿಂತಲ್ಲೇ ಗಡಗಡ ನಡುಗುವ ಒಂದು ಪಂಪು.

ಮೊದಲ ದಿನವೇ ನಿಕಾನೋರ್ ಅಂದ:
'ಏನು ಬೇಕಾದರೂ ತೆಗಿ. ಮುಖ ಬೇಡ.'
ಕಾಗದಪತ್ರ ಇಲ್ಲ. ಪೇಟೆ ನೋಡಿ ಎರಡು ವರ್ಷ.
ಅಂಗಡಿಗೆ ಕ್ಲೋಡೆಟ್ಟೇ ಹೋಗುವಳು,
ಅವನೂರ ಮೆಣಸಿನಕಾಯಿಯ ಹೆಸರು
ಚೀಟಿಯಲ್ಲಿ ಸಲಕ್ಕೊಂದು ಬಗೆ ತಪ್ಪು ಬರೆದುಕೊಂಡು.

ಹಾಗಾಗಿ ಸಿನಿಮಾ ತುಂಬ ಬರೀ ಕೈ.
ಅಯೋಡಿನ್ ಕುಡಿದು ಕಂದಾದ ಉಗುರು.
ಕತ್ತು. ಬೆನ್ನು. ಟೋಪಿಯಿಂದ ಜಾರಿದ ಯಾದಿರಾಳ ಜಡೆ.
ಅಮಾದೋನ ಬಾಯಿಂದ ಹೊರಟ ಹಬೆ ಇದೆ, ಬಾಯಿ ಇಲ್ಲ.

ಬೆಳಗಿನ ಜಾವ ಮೂರು. ಎಂಟೆಂಟಾಗಿ ಬಂದು ನಿಲ್ಲುತ್ತವೆ.
ಒರೆಸು, ನಾಲ್ಕು ಹನಿ ಹಿಂಡಿ ನೋಡು, ಸಿಕ್ಕಿಸು, ಮುಂದಕ್ಕೆ.
ಯಂತ್ರ ಚೀಪುತ್ತದೆ, ಯಾವ ಕರುವಿಗೂ ಇಲ್ಲದ ಶಿಸ್ತಿನಲ್ಲಿ:
ಚುಕ್-ಪುಸ್, ಚುಕ್-ಪುಸ್.

ನಾನೂರ ಹದಿನೆಂಟು ಮಾತ್ರ ಸೊರೆ ಬಿಡುತ್ತಿರಲಿಲ್ಲ,
ಯಾದಿರಾ ಅದರ ಪಕ್ಕೆಗೆ ಹಣೆ ಆನಿಸಿ
ಏನೋ ಹೇಳುವ ತನಕ.
ಸ್ಪ್ಯಾನಿಷ್ ಅಲ್ಲ, ಅವಳ ಬೆಟ್ಟದ ನುಡಿ; ನಿಕಾನೋರನಿಗೂ ತಿಳಿಯದು.
ಮೈಕು ಹತ್ತಿರ ಒಯ್ದೆ. ತಲೆಯೆತ್ತದೆ ಅಂಗೈ ಅಡ್ಡ ಹಿಡಿದಳು.
ಇಳಿಸಿದೆ. ಹೆಟ್ಟಿ ಬೈದಳು. ಬೈಯಲಿ.

ಈಯುವ ಹಸುವಿಗೆ 'ಇನ್ನೊಂದು ಸಲ' ಎನ್ನಲಾದೀತೆ?
ಆ ರಾತ್ರಿ ಬ್ಯಾಟರಿ ಸೆಟೆದುಕೊಂಡಿತ್ತು ಚಳಿಗೆ.
ಅದಕ್ಕೇ ಚಿತ್ರದಲ್ಲಿ ಐವತ್ತು ಸೆಕೆಂಡು ಕತ್ತಲೆ,
ಹಗ್ಗ ಬಿಗಿವ ಸದ್ದು, ಅಮಾದೋನ 'ಬಾ ಬಾ ಬಾ',
ಆಮೇಲೆ ಒದ್ದೆಯಾದದ್ದೇನೋ ಹುಲ್ಲಿನ ಮೇಲೆ ಬಿದ್ದು
ಸೀನಿದ್ದು.

ಫೆಬ್ರವರಿಯಲ್ಲಿ ಹಾಲು ಕೊಳ್ಳುವ ಕಂಪನಿಯ ಕಾಗದ:
ಏಪ್ರಿಲಿನಿಂದ ನಿಮ್ಮ ದಾರಿಗೆ ಲಾರಿ ಬಾರದು.
ಆರು ಸಾಲು. ಒಂದರಲ್ಲಿ ವಿಷಾದ.
ರೋಮೇನ್ ಓದಿದ, ನಾಲ್ಕು ಮಡಿಕೆ ಮಾಡಿದ,
ಪಂಪಿನ ಕಾಲಡಿ ತುರುಕಿದ.
ಪಂಪು ತೆಪ್ಪಗಾಯಿತು.
ನನ್ನ ಟೇಪಿನಲ್ಲಿ ಇರುವುದು ಅಷ್ಟೇ:
ನಡುಗುತ್ತಿದ್ದದ್ದೊಂದು ಫಕ್ಕನೆ ನಿಂತದ್ದು.

ಮೇ ತಿಂಗಳು. ಹಸುಗಳೆಲ್ಲ ಹೋಗಿದ್ದವು.
ನಾಳೆ ಅಮಾದೋ ಒಹಾಯೋಗೆ, ನಿಕಾನೋರ್ ಇನ್ನೊಂದು ಕೊಟ್ಟಿಗೆಗೆ;
ಯಾದಿರಾ ಎಲ್ಲಿಗೆಂದು ಹೇಳಲಿಲ್ಲ, ನಾವು ಕೇಳಲಿಲ್ಲ.
ಹಾಲಿನ ಕೋಣೆಯಲ್ಲಿ ಕ್ಲೋಡೆಟ್ ಹಾಸಿಗೆಯ ಬಿಳಿ ಬಟ್ಟೆ ಕಟ್ಟಿದಳು.
ಬಕೆಟ್ಟು ಬೋರಲು ಹಾಕಿ ಕೂತೆವು.

ಯಾರೂ ತಮ್ಮ ಕೈ ಹುಡುಕಲಿಲ್ಲ.
'ಅಗೋ ವಿಧವೆ!' ಅಂದ ಅಮಾದೋ.
'ಅದರ ಹಿಂದೆ ಮೇಯರಮ್ಮ, ಒದೆಯುವ ಮುಂಡೆ.'
'ಸೂಜಿ.' 'ಸೂಜಿಯ ಮಗಳು.' 'ಇವಳು ನನ್ನ ಹಲ್ಲು ಮುರಿದವಳು.'
ರೋಮೇನ್ ಒಂದೊಂದಕ್ಕೂ ತಿರುಗಿ ನೋಡುತ್ತಿದ್ದ.
ಮೂವತ್ತು ವರ್ಷ ಅವನು ಕಿವಿಯ ಬಿಲ್ಲೆಯನ್ನಷ್ಟೇ ಓದಿದವನು.
'ನಾನೂರ ಹದಿನೆಂಟಕ್ಕೆ?' ಎಂದು ಕೇಳಿದ ಮೆಲ್ಲಗೆ.
ಎಲ್ಲರೂ ಯಾದಿರಾಳ ಕಡೆ ನೋಡಿದರು.
ಅವಳು ಹೇಳಲಿಲ್ಲ. ಬಟ್ಟೆಯ ಮೇಲೆ
ಅವಳ ಅಂಗೈ ದೊಡ್ಡದಾಗಿ ಬಂದು ನಮ್ಮೆಲ್ಲರನ್ನೂ ಮುಚ್ಚಿತು.

ಮತ್ತೆ ಮೂರು ಗಂಟೆಯ ದೃಶ್ಯ. ಚುಕ್-ಪುಸ್.
ನಿಕಾನೋರ್ ನನ್ನ ತೋಳು ಮುಟ್ಟಿದ:
'ಶಬ್ದ ಕಡಿಮೆ ಮಾಡು ಮಾರಾಯ,
ಕೈ ಸುಮ್ಮನೆ ಕೂರುತ್ತಿಲ್ಲ.'

ಮಾಡಿದೆ.