ನೀರಿನ ಪಾಲು

ನಾಳೆ ಪ್ರಾಕ್ಟಿಕಲ್ಸು.
ಹನ್ನೆರಡು ಬೀಕರು ತೊಳೆದು ಸಾಲಾಗಿಟ್ಟು
ತಳಕ್ಕೊಂದೊಂದು ರೂಪಾಯಿ ಹಾಕಿದ್ದೇನೆ.
ಬಾಣಾವರದ ಜೂನಿಯರ್ ಕಾಲೇಜಿನಲ್ಲಿ
ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ ಇಷ್ಟೇ:
ನೀರು ಹೊಯ್ಯುವುದು, ರೂಪಾಯಿ ಮೇಲೇಳುವುದನ್ನು ನೋಡುವುದು,
ಸಂಜೆ ಎಣಿಸಿ ಡಬ್ಬಿಗೆ ಹಾಕುವುದು.

ಹುಡುಗಿಯರು ಮೈಕ್ರೊಸ್ಕೋಪು ತಿರುಗಿಸಿ ತಿರುಗಿಸಿ
ಒಂದು ಪಾಯಿಂಟು ಮೂರು ಮೂರು ಎಂದು ಬರೆಯುತ್ತಾರೆ.
ಬಾರದವರು ಪಕ್ಕದವಳದ್ದು ನೋಡಿ.
ನನಗೆ ಆ ಲೆಕ್ಕ ಹೇಳಿಕೊಟ್ಟವಳು
ಸಹಿ ಹಾಕಲೂ ಬಾರದ ಹಯಾತ್‌ಬೀ.

ಊರಿಗೆಲ್ಲ ಇದ್ದದ್ದು ಒಂದೇ ಪಾತಾಳಗರಡಿ, ಅವಳದು.
ಕಬ್ಬಿಣದ ಬಳೆ, ಸುತ್ತ ಜೋತ ಇಪ್ಪತ್ತು ಕೊಕ್ಕೆ.
ಆ ಗಿಲಿಗಿಲಿ ಬೀದಿಗೆ ಬಂತೆಂದರೆ
ಯಾರದೋ ಬಿಂದಿಗೆ ಬಾವಿಗೆ ಬಿದ್ದಿದೆ ಎಂದೇ ಅರ್ಥ.
ಬಾಡಿಗೆ ಎಂಟಾಣೆ.

ಬೆಳಗ್ಗೆ ಕರೆದರೆ ಬರುತ್ತಿರಲಿಲ್ಲ.
ನೆತ್ತಿಯ ಬಿಸಿಲು ಬಾವಿಯೊಳಗೆ ಇಳಿಯುವ
ಹತ್ತು ನಿಮಿಷಕ್ಕೆ ಸರಿಯಾಗಿ ಬಂದು
ಕಟ್ಟೆಗೆ ಎದೆ ಆನಿಸಿ ಬಗ್ಗುವಳು.
"ಓರೆಯಾಗಿ ನೋಡಬೇಡ ಮಗಾ,
ಓರೆಗಣ್ಣಿಗೆ ನೀರು ಇನ್ನೂ ಜಾಸ್ತಿ ಸುಳ್ಳು ಹೇಳ್ತದೆ.
ನೆಟ್ಟಗೆ ನೋಡಿದರೂ ಹೇಳ್ತದೆ, ಆದರೆ ಲೆಕ್ಕವಾಗಿ.
ಮೂರು ಮೊಳ ಕಂಡರೆ ನಾಲ್ಕು ಬಿಡು.
ಮೂರಕ್ಕೊಂದು ನೀರಿನ ಪಾಲು."

ನಾನು ನಾಲ್ಕನೇ ಕ್ಲಾಸು.
ನಮ್ಮ ಮನೆಯ ತಾಮ್ರದ ಬಿಂದಿಗೆ ಬಿತ್ತು.
ಕಂಠದ ಕೆಳಗೆ ಕೊರೆದಿತ್ತು: ಸೌ॥ ಸರ್ವಮಂಗಳ.
ನನ್ನವ್ವನ ಹೆಸರು ಕಮಲಾಕ್ಷಿ.
ಸರ್ವಮಂಗಳ ಅಪ್ಪನ ಮೊದಲ ಹೆಂಡತಿ,
ನಾನು ಹುಟ್ಟುವ ಎಷ್ಟೋ ಮೊದಲು
ಬಾಣಂತನದಲ್ಲಿ ಹೋದವಳು.
ಹನ್ನೊಂದು ವರ್ಷ ಅವ್ವ ಅದರಲ್ಲೇ ನೀರು ಹೊತ್ತಳು.
ಶುಕ್ರವಾರ ಶುಕ್ರವಾರ ಹುಣಸೆಹಣ್ಣು, ಬೂದಿ.
ತಿಕ್ಕಿದಷ್ಟೂ ಹೊಳೆಯುವ ಹೆಸರು.

"ಹಗ್ಗ ಹರೀತು" ಅಂದಳು ಅವ್ವ.
ಹಯಾತ್‌ಬೀ ಹಗ್ಗದ ತುದಿ ಎತ್ತಿ ನೋಡಿದಳು.
ಹರಿದ ಹಗ್ಗ ಎಳೆ ಎಳೆ ಕೆದರಿಕೊಂಡಿರುತ್ತದೆ.
ಇದರ ತುದಿಯಲ್ಲಿ ಇದ್ದದ್ದು
ಬಿಚ್ಚಿದ ಗಂಟಿನ ಸುಕ್ಕು ಮಾತ್ರ.
ಒಂದು ಸಲ ಅವ್ವನ ಮುಖ ನೋಡಿದಳು. ನೆಟ್ಟಗೆ.

ಆಮೇಲೆ ಬಗ್ಗಿದಳು. ನಾನೂ ಬಗ್ಗಿದೆ.
ಬಿಂದಿಗೆ ಅಲ್ಲೇ ಇತ್ತು, ಇನ್ನೇನು ಎಟುಕುವ ಹಾಗೆ,
ಹೆಸರು ಓದಬಹುದೇನೋ ಅನ್ನುವ ಹಾಗೆ.
"ಆರು ಮೊಳ" ಅಂದೆ ಜಾಣನಂತೆ.
ಗರಡಿ ಮುಟ್ಟಿದ್ದೇ ನೀರು ಕದಡಿ
ಬಿಂದಿಗೆ ನೂರು ಚೂರಾಯಿತು.
ಹಗ್ಗದಲ್ಲಿ ಮೊಳಕ್ಕೊಂದು ಗಂಟು. ಎಣಿಸಿದೆ.
ನಾಲ್ಕು. ಐದು. ಆರು.

ಅಲ್ಲಿಗೆ ನಿಂತಿತು ಅವಳ ಕೈ.

ಎಂಟು ಬಿಡಬೇಕಿತ್ತು.
ಬರಿಯ ನೀರನ್ನು ಬಾಚಿದಳು ಹಯಾತ್‌ಬೀ, ಮೂರು ಸಲ,
ರವಿಕೆ ಬೆವರುವಷ್ಟು ಶ್ರದ್ಧೆಯಿಂದ.
ಆಚೆ ಕಟ್ಟೆಯಲ್ಲಿ ಅಪ್ಪ ಓರೆಯಾಗಿ ನಿಂತಿದ್ದ.
ಅವನಿಗೆ ಅದು ಇನ್ನೂ ಹತ್ತಿರ ಕಂಡಿತ್ತೇನೋ ಪಾಪ.
"ಸಿಗಲಿಲ್ಲ ಯಜಮಾನ್ರೇ. ತಳ ಕೆಸರು. ಹೂತುಬಿಟ್ಟಿದೆ."
ಎಂಟಾಣೆ ಮುಟ್ಟಲಿಲ್ಲ.
ನಾನು ಬಾಯಿ ತೆರೆದೆ.
ನನ್ನ ಮಣಿಕಟ್ಟು ಹಿಡಿದಿದ್ದ ಅವ್ವನ ಕೈ ಒದ್ದೆಯಿತ್ತು.
ಮುಚ್ಚಿದೆ.

ಬೋರು ಬಂತು, ನಲ್ಲಿ ಬಂತು,
ಪಾತಾಳಗರಡಿ ಯಾವ ಗುಜರಿಗೆ ಹೋಯಿತೋ.
ಹೋದ ಏಪ್ರಿಲ್ಲಿನಲ್ಲಿ ಬಾವಿ ಪೂರ್ತಿ ಬತ್ತಿತು.
ಹನ್ನೆರಡು ಗಂಟೆಗೇ ಹೋಗಿ ಬಗ್ಗಿದೆ.
ಎತ್ತಿ ತೋರಿಸಲು ನೀರೇ ಇಲ್ಲ,
ತಳ ಇದ್ದಲ್ಲೇ ಇತ್ತು.
ಅಷ್ಟು ಆಳವೆಂದು ಗೊತ್ತಿರಲಿಲ್ಲ, ಅಂಗಾಲು ಜುಮ್ಮೆಂದಿತು.
ಚಪ್ಪಲಿ, ಪ್ಲಾಸ್ಟಿಕ್ಕು, ಒಂದು ಸೈಕಲ್ ಚಕ್ರ,
ಅರ್ಧ ಹೂತ ಹಸಿರು ದುಂಡು ಒಂದು,
ಕಿಲುಬು ಹಿಡಿದ ತಾಮ್ರವೋ, ಪಾಚಿ ಒಣಗಿದ ಕಲ್ಲೋ.

ಮನೆಗೆ ಬಂದು ಹೇಳಿದೆ, ಬಾವಿ ಬತ್ತಿದೆಯವ್ವ.
ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.
ಎರಡು ದಂಟು ಮುರಿದ ಮೇಲೆ ಕೇಳಿದಳು:
"ಏನಾದರೂ ಕಂಡಿತೇನೋ?"
"ಇಲ್ಲ" ಅಂದೆ,
ಆರನೇ ಗಂಟಿಗೆ ನಿಲ್ಲಿಸಿ.

ಇನ್ನೂ ನಾಲ್ಕು ಬೀಕರಿಗೆ ನೀರು ಹೊಯ್ಯಬೇಕು.